ಆಪರೇಷನ್ ಆದ ಅಪ್ಪನ ಜೊತೆ ಮನೆಯಲ್ಲಿ ಕೂತು ನೋಡಲು ಯಾವ ಸಿನಿಮಾ?

ಬಳ್ಳಾರಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಹೋದ ತಿಂಗಳು ಮೊಣಕಾಲಿನ ಆಪರೇಷನ್ ಆಯಿತು. ಸಿರುಗುಪ್ಪದ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ಅದಕ್ಕೇ ಅಪ್ಪ, ಅವ್ವ ಇಬ್ಬರನ್ನೂ ಬಳ್ಳಾರಿಯ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೇವೆ. ಇನ್ನೂ ಆರು ವಾರ ಅವರು ಹೊರಗೆ ಓಡಾಡುವಂತಿಲ್ಲ. ಓಡಾಡಬಹುದು ಅಂದಿದ್ದರೂ ಈ ಬಿಸಿಲಿನಲ್ಲಿ ಎಲ್ಲಿಗೆ ಹೋಗುವುದು? ಬೆಳಿಗ್ಗೆ ಹತ್ತಕ್ಕೇ ಕಿಟಕಿ ಹಾಕಿಕೊಂಡು ಕೂರುವ ಕಾಲ ಇದು.

ಅಪ್ಪ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮೂವತ್ತು ವರ್ಷ ತುಂಗಭದ್ರೆಯ ನೀರಿನ ಲೆಕ್ಕ ಬರೆದವರು. ಹುಡುಗರಾಗಿದ್ದಾಗ ಸೈಕಲ್ ತುಳಿದುಕೊಂಡು ಹೋಗಿ ಟೆಂಟ್‌ನಲ್ಲಿ ಸಿನಿಮಾ ನೋಡುತ್ತಿದ್ದರಂತೆ. ಈಗ ಟಿವಿ ಮುಂದೆ ಒಬ್ಬರೇ ಕೂತರೆ ಅರ್ಧ ಗಂಟೆಗೆ ತೂಕಡಿಸುತ್ತಾರೆ. ನ್ಯೂಸ್ ಹಾಕಿದರೆ ಬಿಪಿ ಏರುತ್ತದೆ. ಧಾರಾವಾಹಿ ಅವರಿಗೆ ಆಗಿಬರುವುದಿಲ್ಲ.

ಮನೆಯಲ್ಲಿ ಇರುವುದು ಒಂದೇ ಟಿವಿ. ಅವ್ವನಿಗೆ ಕನ್ನಡ, ತೆಲುಗು ಎರಡೂ ಬರುತ್ತದೆ. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕೂತಿದ್ದಾಳೆ. ಮಗ ಐದನೇ ಕ್ಲಾಸು. ಇವರೆಲ್ಲ ಒಟ್ಟಿಗೆ ಕೂತು ನೋಡುವಂಥ ಸಿನಿಮಾ ಹೇಳಿ. ಬರೀ ಹೆಸರು ಬೇಡ. ಯಾಕೆ ಇಷ್ಟ ಅಂತ ಬರೆಯಿರಿ. ಮನೆಯಲ್ಲಿ ಯಾರ ಜೊತೆ ನೋಡಿದಿರಿ ಅಂತಲೂ ಬರೆಯಿರಿ. ಹೆಸರಿನ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಮ್ಮ ಕಡೆಯವರು ಏನು ನೋಡುತ್ತಾರೆ ಅನ್ನುವುದು ನನಗೆ ಬೇಕು.

ಸಿಂಧನೂರಿನ ಭತ್ತ

ಅಕ್ಕಾ, ಅಪ್ಪಾಜಿ ಬೇಗ ಹುಷಾರಾಗಲಿ. ಅವರ ವಯಸ್ಸಿನವರಿಗೆ ನಾನು ಮೊದಲು ಹೇಳುವುದು ‘ಬಂಗಾರದ ಮನುಷ್ಯ’. 1972ರದ್ದು, ಸಿದ್ದಲಿಂಗಯ್ಯನವರ ನಿರ್ದೇಶನ, ಟಿ.ಕೆ. ರಾಮರಾವ್ ಅವರ ಕಾದಂಬರಿ. ಅವರು ಇದನ್ನು ಹತ್ತು ಸಲ ನೋಡಿರುತ್ತಾರೆ. ಆದರೂ ಹಾಕಿ. ನಮ್ಮ ಮನೆಯಲ್ಲಿ ದೊಡ್ಡಪ್ಪ ಇದನ್ನು ನೋಡುವಾಗ ರಾಜ್‌ಕುಮಾರ್ ಅವರನ್ನು ನೋಡುವುದಕ್ಕಿಂತ ಹಿಂದಿನ ಹೊಲವನ್ನೇ ಜಾಸ್ತಿ ನೋಡುತ್ತಾರೆ. ಮಣ್ಣು ಎಂಥದ್ದು, ಎತ್ತು ಯಾವ ತಳಿ, ಬಾವಿ ಎಷ್ಟು ಆಳ, ಎಲ್ಲದಕ್ಕೂ ಅವರದ್ದೊಂದು ಮಾತು ಇರುತ್ತದೆ. ಎಡದಂಡೆ ಕಾಲುವೆ ನೀರು ಬರುವ ಮೊದಲು ನಮ್ಮ ಹೊಲದಲ್ಲಿ ಜೋಳ ಬಿಟ್ಟರೆ ಏನೂ ಇರಲಿಲ್ಲ ಅಂತ ಶುರು ಮಾಡಿದರೆ ಸಿನಿಮಾ ನಿಲ್ಲಿಸಿ ಕೇಳಬೇಕು. ನಿಲ್ಲಿಸುತ್ತೇವೆ. ಟಾಕೀಸಿನಲ್ಲಿ ಹಾಗೆ ನಿಲ್ಲಿಸಲು ಆಗುತ್ತದಾ?

ಎರಡನೆಯದು ‘ಕಸ್ತೂರಿ ನಿವಾಸ’, 1971. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸುವ ಮನೆತನದ ಕಥೆ. ಕೊಟ್ಟು ಗೊತ್ತೇ ಹೊರತು ಬೇಡಿ ಗೊತ್ತಿಲ್ಲದ ಮನುಷ್ಯ. ಕೊನೆ ಹೇಳುವುದಿಲ್ಲ, ಮಕ್ಕಳು ನೋಡಿರಲಿಕ್ಕಿಲ್ಲ. ಇದಕ್ಕೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನನ್ನ ಕೇಳಿದರೆ ಕಪ್ಪು ಬಿಳುಪಿನದ್ದೇ ನೋಡಿ. ಮುಖಗಳು ಅದರಲ್ಲೇ ಚೆಂದ. ಇನ್ನೊಂದು ಮಾತು. ಅದರಲ್ಲಿರುವ ಜಯಂತಿಯವರು ನಿಮ್ಮ ಬಳ್ಳಾರಿಯಲ್ಲೇ ಹುಟ್ಟಿದವರು. ನಿಮ್ಮ ಮಗಳಿಗೆ ಹೇಳಿ. ‘ಎಡಕಲ್ಲು ಗುಡ್ಡದ ಮೇಲೆ’ ಅವಳು ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ನೋಡಲಿ. ಪುಟ್ಟಣ್ಣ ಕಣಗಾಲ್ 1973ರಲ್ಲೇ ಒಬ್ಬ ಗೃಹಿಣಿಯ ಮನಸ್ಸಿನ ಒಳಗೆ ಅಷ್ಟು ದೂರ ಹೋಗಿದ್ದರು. ಜಯಂತಿಯವರು ಮಾಡದೇ ಹೋಗಿದ್ದರೆ ಆ ಪಾತ್ರ ನಿಲ್ಲುತ್ತಿರಲಿಲ್ಲ.

ಕೊಪ್ಪಳದ ಮೇಷ್ಟ್ರು

ನಾನು ಒಂದೇ ಸಿನಿಮಾ ಹೇಳುತ್ತೇನೆ. ‘ಶಿವಮ್ಮ’. ಥಿಯೇಟರಿಗೆ ಬಂದಾಗ ‘ಶಿವಮ್ಮ ಯರೇಹಂಚಿನಾಳ’ ಅಂತ ಹೆಸರಿತ್ತು, 2024ರಲ್ಲಿ. ಜೈಶಂಕರ್ ಆರ್ಯರ್ ನಿರ್ದೇಶಕರು. ರಿಷಬ್ ಶೆಟ್ಟಿ ನಿರ್ಮಾಪಕರು. ಯರೇಹಂಚಿನಾಳ ನಮ್ಮ ಜಿಲ್ಲೆಯ ಹಳ್ಳಿ. ಚಿತ್ರೀಕರಣವೂ ಅಲ್ಲೇ. ನಟಿಸಿದವರು ಸುತ್ತಮುತ್ತಲಿನ ಜನರೇ. ಶಿವಮ್ಮನಾಗಿ ಮಾಡಿದವರು ಶರಣಮ್ಮ ಚೆಟ್ಟಿ. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಏಷ್ಯಾದ ಹೊಸ ನಿರ್ದೇಶಕರ ಸಿನಿಮಾಗಳ ನಡುವೆ ಗೆದ್ದು ಬಂದ ಪ್ರಶಸ್ತಿ ಅದು.

ಕಥೆ ಇಷ್ಟೇ. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ಆಗಬೇಕು. ಈ ನಡುವೆ ಒಬ್ಬರಿಂದ ಒಬ್ಬರಿಗೆ ಸದಸ್ಯತ್ವ ಮಾಡಿಸಿ ಶಕ್ತಿಪುಡಿ ಮಾರುವ ವ್ಯವಹಾರಕ್ಕೆ ಇಳಿಯುತ್ತಾಳೆ. ಊರಿನವರಿಗೆಲ್ಲ ಮಾರಲು ಹೊರಡುತ್ತಾಳೆ. ನಾನು ಇಪ್ಪತ್ತು ವರ್ಷದಿಂದ ಹಳ್ಳಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಡುಗೆ ಮಾಡುವ ಅಕ್ಕಂದಿರನ್ನು ದಿನಾ ನೋಡುತ್ತೇನೆ. ಅವರ ಕೈಗೆ ಬರುವ ದುಡ್ಡು ಎಷ್ಟು ಅಂತ ಗೊತ್ತು. ಇಂಥ ಪುಡಿ ಮಾರುವವರು ನಮ್ಮ ಶಾಲೆಯ ಬಾಗಿಲಿಗೂ ಬಂದಿದ್ದಾರೆ. ನನ್ನ ಸ್ವಂತ ಅಕ್ಕ ಮಗಳ ಬಳೆ ಅಡವಿಟ್ಟು ಎರಡು ಡಬ್ಬಿ ತೆಗೆದುಕೊಂಡಿದ್ದಳು. ಆ ಡಬ್ಬಿ ಇನ್ನೂ ಅವಳ ಮನೆಯ ಅಟ್ಟದಲ್ಲಿದೆ.

ಈ ಸಿನಿಮಾ ಶಿವಮ್ಮನನ್ನು ದಡ್ಡಿ ಅನ್ನುವುದಿಲ್ಲ. ಅವಳ ಮೇಲೆ ಅಯ್ಯೋ ಪಾಪ ಅಂತ ಸುರಿಯುವುದೂ ಇಲ್ಲ. ಅವಳು ಹಟಮಾರಿ. ಸುಳ್ಳು ಹೇಳುತ್ತಾಳೆ, ಜಗಳ ಆಡುತ್ತಾಳೆ, ಮತ್ತೆ ಎದ್ದು ಹೊರಡುತ್ತಾಳೆ. ನಾನು ಅಕ್ಕನ ಜೊತೆ ಕೂತು ನೋಡಿದೆ. ಮುಗಿದ ಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲ ಸಲ ಆ ಡಬ್ಬಿಗಳ ಪೂರ್ತಿ ಕಥೆ ಹೇಳಿದಳು. ಆರು ವರ್ಷ ಮನೆಯವರಿಂದ ಮುಚ್ಚಿಟ್ಟಿದ್ದ ಕಥೆ.

ಭಾಷೆಯ ಬಗ್ಗೆಯೂ ಹೇಳಬೇಕು. ಎಷ್ಟೋ ಸಿನಿಮಾದಲ್ಲಿ ನಮ್ಮ ಮಾತು ಬರುವುದು ನಗಿಸುವುದಕ್ಕೆ. ಒಬ್ಬ ಪೇಟ ಸುತ್ತಿಕೊಂಡು ಬಂದು ಜೋರಾಗಿ ಕೂಗಿ ಹೋಗುತ್ತಾನೆ. ಇಲ್ಲಿ ಹಾಗಿಲ್ಲ. ‘ಹೋಗ್ಯಾಳ’, ‘ಬಂದಾನ’ ಅಂತ ಅಡುಗೆಮನೆಯಲ್ಲಿ ಮಾತಾಡುವ ಹಾಗೇ ಮಾತಾಡುತ್ತಾರೆ. ಅದನ್ನು ಕೇಳಿದರೇ ನಿಮ್ಮ ಅಪ್ಪನ ನಿದ್ದೆ ಹೋಗುತ್ತದೆ.

ಶಕ್ತಿನಗರದ ರಾತ್ರಿಪಾಳಿ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಒಂದು ವಿಷಯ. ಆಪರೇಷನ್ ಆದ ಮನುಷ್ಯನಿಗೆ ನೋವು ಇರುತ್ತದೆ. ರಾತ್ರಿ ಸರಿಯಾಗಿ ನಿದ್ದೆ ಇರುವುದಿಲ್ಲ. ಮೊದಲ ವಾರ ಬಡತನದ ಕಥೆ, ಸಾವಿನ ಕಥೆ ಬೇಡ. ನನ್ನ ಮಾವನಿಗೂ ಇದೇ ಆಪರೇಷನ್ ಆಗಿತ್ತು. ಆಗ ನಾವು ಹಾಕಿದ್ದು ‘ಮಾಯಾಬಜಾರ್’. ತೆಲುಗಿನದ್ದು, 1957, ಕೆ.ವಿ. ರೆಡ್ಡಿ ಅವರದು. ಮೂರು ಗಂಟೆ ಸಿನಿಮಾ. ಎರಡು ದಿನ ಮಾಡಿಕೊಂಡು ನೋಡಿದೆವು. ಎಸ್.ವಿ. ರಂಗಾರಾವ್ ಘಟೋತ್ಕಚ ಆಗಿ ಆ ಊಟದ ತಟ್ಟೆಗಳ ಮುಂದೆ ಕೂರುತ್ತಾರಲ್ಲ, ಆಗ ಮಾವ ಕಾಲು ನೋವು ಮರೆತು ಚಪ್ಪಾಳೆ ಹೊಡೆದರು. ನನ್ನ ಮಗನಿಗೆ ಆಗ ಏಳು ವರ್ಷ. ಅವನೂ ಹೊಡೆದ. ತೆಲುಗು ಬರದಿದ್ದರೂ ಅವನಿಗೆ ಎಲ್ಲ ತಿಳಿಯಿತು.

ನೋಡುವಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ. ಪಾಂಡವರು ಎಲ್ಲಿದ್ದಾರೆ? ಮಹಾಭಾರತದ ಕಥೆ, ಕೃಷ್ಣ ಇದ್ದಾನೆ, ಬಲರಾಮ ಇದ್ದಾನೆ, ದುರ್ಯೋಧನ ಇದ್ದಾನೆ, ಅಭಿಮನ್ಯು ಇದ್ದಾನೆ. ಐದು ಜನ ಪಾಂಡವರು ತೆರೆಯ ಮೇಲೆ ಒಂದು ಸಲವೂ ಬರುವುದಿಲ್ಲ. ಆದರೂ ಅವರ ಕೊರತೆ ಕಾಣುವುದಿಲ್ಲ. ಅಷ್ಟು ಗಟ್ಟಿಯಾಗಿ ಕಥೆ ಹೆಣೆದಿದ್ದಾರೆ.

ಕುಷ್ಟಗಿ ಹುಡುಗ

ಕನ್ನಡದ್ದೇ ಇಷ್ಟೊಂದು ಇರುವಾಗ ತೆಲುಗು ಯಾಕೆ? ಮನೆಯಲ್ಲಾದರೂ ಕನ್ನಡವೇ ನೋಡೋಣ ಅಂತ ನನ್ನ ಆಸೆ. ನಾವೇ ನೋಡದಿದ್ದರೆ ‘ಶಿವಮ್ಮ’ನಂಥ ಸಿನಿಮಾ ಯಾರು ಮಾಡುತ್ತಾರೆ?

ಬ್ರೂಸ್‌ಪೇಟೆ ಹಿರಿಯ

ತಮ್ಮಾ, ನಿನ್ನ ಆಸೆ ಒಳ್ಳೆಯದೇ. ಆದರೆ ಬಳ್ಳಾರಿಯ ಮನೆಗಳ ಕಥೆ ಸ್ವಲ್ಪ ಬೇರೆ. ನಾವು 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದೆವು. ನಿಮ್ಮ ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಒಂದೇ ಬೀದಿಯಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅದರ ಪಕ್ಕದಲ್ಲಿ ಉರ್ದು. ನಮ್ಮ ಬಳ್ಳಾರಿ ರಾಘವ ಅವರು ಕನ್ನಡ, ತೆಲುಗು ಎರಡೂ ರಂಗಭೂಮಿಯಲ್ಲಿ ಪಾತ್ರ ಮಾಡಿದವರು. ವಕೀಲರು. 1939ರಲ್ಲಿ ‘ರೈತು ಬಿಡ್ಡ’ ಅನ್ನುವ ತೆಲುಗು ಸಿನಿಮಾದಲ್ಲೂ ನಟಿಸಿದರು, ರೈತರ ಕಷ್ಟದ ಸಿನಿಮಾ ಅದು. ಅವರ ಹೆಸರಿನ ರಾಘವ ಕಲಾಮಂದಿರದಲ್ಲಿ ಇವತ್ತಿಗೂ ಎರಡೂ ಭಾಷೆಯ ನಾಟಕ ನೋಡುತ್ತೇವೆ. ನಮಗೆ ತೆಲುಗು ಹೊರಗಿನದು ಅನ್ನಿಸುವುದಿಲ್ಲ. ಈ ತಾಯಿಗೆ ತೆಲುಗು ಬರುತ್ತದೆ ಅಂತ ಮಗಳೇ ಬರೆದಿದ್ದಾಳೆ. ಆ ತಾಯಿಗೂ ಒಂದು ಸಿನಿಮಾ ಬೇಕಲ್ಲ.

ನನ್ನ ಕಡೆಯಿಂದ ಒಂದು. ‘ಶ್ರೀ ಕೃಷ್ಣದೇವರಾಯ’, 1970. ರಾಜ್‌ಕುಮಾರ್ ಅವರು ರಾಯ. ಬಿ.ಆರ್. ಪಂತುಲು ನಿರ್ದೇಶನದ ಜೊತೆ ತಿಮ್ಮರಸುವಿನ ಪಾತ್ರವನ್ನೂ ಮಾಡಿದ್ದಾರೆ. ಹಂಪಿಗೆ ಅರವತ್ತು ಕಿಲೋಮೀಟರ್ ದೂರದಲ್ಲಿ ಇದ್ದುಕೊಂಡು ಇದನ್ನು ನೋಡದೇ ಇರಬಾರದು. ತಿಮ್ಮರಸುವನ್ನು ನೋಡುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಕುಷ್ಟಗಿ ಹುಡುಗ

ಸರಿ ಹಿರಿಯರೇ, ಒಪ್ಪಿದೆ. ಮನೆಯಲ್ಲಿ ಎಲ್ಲರಿಗೂ ತಿಳಿಯುವುದು ಮುಖ್ಯ.

ಮಾನ್ವಿ ಕಡೆಯವಳು

ಮೇಷ್ಟ್ರು ಕೊಪ್ಪಳದ್ದು ಹೇಳಿದರು. ನಾನು ರಾಯಚೂರಿನದ್ದು ಹೇಳಬೇಕಲ್ಲ. ‘ಕನಸೆಂಬ ಕುದುರೆಯನೇರಿ’. ಗಿರೀಶ್ ಕಾಸರವಳ್ಳಿ ಅವರ ಸಿನಿಮಾ. ಮೂಲ ಕಥೆ ನಮ್ಮ ಜಿಲ್ಲೆಯ ಅಮರೇಶ ನುಗಡೋಣಿ ಅವರ ‘ಸವಾರಿ’. ಊರಲ್ಲಿ ಕುಣಿ ತೋಡುವ ಈರ್ಯ ಅಂತ ಒಬ್ಬ. ಅವನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತ ಅರ್ಥ. ಅವನು ಹಾರೆ, ಸಲಿಕೆ ಹಿಡಿದು ಹೊರಡುತ್ತಾನೆ. ಒಂದು ದಿನ ಕನಸು ಬೀಳುತ್ತದೆ. ಗೌಡರ ಮನೆಗೆ ಹೋಗುತ್ತಾನೆ. ಅಲ್ಲಿ ಯಾರೂ ಸತ್ತಿಲ್ಲ ಅನ್ನುತ್ತಾರೆ. ಬಡವನ ಹತ್ತಿರ ಇದ್ದದ್ದು ಆ ಕನಸೊಂದೇ. ಅದೂ ಸುಳ್ಳಾಯಿತಾ ಅಂತ ಅವನು ಒದ್ದಾಡುತ್ತಾನೆ. ಮುಂದಿನದು ನೀವೇ ನೋಡಿ.

ಈರ್ಯನ ಪಾತ್ರ ಮಾಡಿದವರು ವೈಜನಾಥ ಬಿರಾದಾರ. ಬೀದರ್ ಕಡೆಯವರು. ನೂರಾರು ಸಿನಿಮಾದಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ಎರಡು ನಿಮಿಷ ಬಂದು ನಗಿಸಿ ಹೋಗುತ್ತಿದ್ದರು. ನಾವೂ ನಕ್ಕಿದ್ದೇವೆ. ಅದೇ ಮನುಷ್ಯ ಇಲ್ಲಿ ಕಥೆಯನ್ನು ಪೂರ್ತಿ ಹೆಗಲ ಮೇಲೆ ಹೊತ್ತಿದ್ದಾರೆ. ಹೆಂಡತಿ ರುದ್ರಿಯಾಗಿ ಉಮಾಶ್ರೀ ಇದ್ದಾರೆ. ಮ್ಯಾಡ್ರಿಡ್‌ನ ಚಿತ್ರೋತ್ಸವದಲ್ಲಿ ಬಿರಾದಾರರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಮ್ಮ ತಾಲ್ಲೂಕಿನ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನನಗೆ ಅದು ಬಹಳ ನೋವಿನ ವಿಷಯ.

ಶಕ್ತಿನಗರದ ರಾತ್ರಿಪಾಳಿ

ಅಕ್ಕಾರೇ, ಸಿನಿಮಾ ದೊಡ್ಡದೇ. ಆದರೆ ಹಾಸಿಗೆಯಲ್ಲಿ ಇರುವವರಿಗೆ ಕುಣಿ ತೋಡುವವನ ಕಥೆ ತೋರಿಸುವುದಾ?

ಮಾನ್ವಿ ಕಡೆಯವಳು

ಅಣ್ಣಾ, ನಾನು ಇದನ್ನು ನೋಡಿದ್ದು ನಮ್ಮ ಅಜ್ಜನ ಜೊತೆ. ಅವರಿಗೆ ಆಗ ಎಂಬತ್ತೆರಡು. ನನಗೇ ಭಯ ಇತ್ತು. ಆದರೆ ಅಜ್ಜ ಆರಾಮಾಗಿ ನೋಡಿದರು. ನಮ್ಮ ಊರಲ್ಲಿ ಕುಣಿ ತೋಡುತ್ತಿದ್ದವರ ಹೆಸರು ಒಂದೊಂದಾಗಿ ಹೇಳಿದರು. ಅವರಿಗೆ ಸುಗ್ಗಿಯಲ್ಲಿ ಎಷ್ಟು ಜೋಳ ಕೊಡುತ್ತಿದ್ದರು ಅಂತ ಹೇಳಿದರು. ಸಾವಿನ ಮಾತಿಗೆ ಹೆದರಿದ್ದು ನಾವು, ಚಿಕ್ಕವರು. ಆದರೂ ನಿಮ್ಮ ಮಾತು ಸರಿ. ಮೊದಲ ವಾರಕ್ಕೆ ಬೇಡ. ಕಾಲು ಊರಿ ನಡೆಯಲು ಶುರು ಮಾಡಿದ ಮೇಲೆ ನೋಡಲಿ.

ಕೊಪ್ಪಳದ ಮೇಷ್ಟ್ರು

ಈ ವಿಷಯದಲ್ಲಿ ನಾನೂ ಒಂದು ಎಚ್ಚರಿಕೆ ಹೇಳುತ್ತೇನೆ. ಯಾರಾದರೂ ‘ತಬರನ ಕಥೆ’ ಹೇಳುವ ಮೊದಲೇ ಹೇಳಿಬಿಡುತ್ತೇನೆ. ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ಸಿನಿಮಾ, ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ನಿವೃತ್ತ ನೌಕರನ ಪಿಂಚಣಿಯ ಕಥೆ. ನಿಮ್ಮ ಅಪ್ಪನಂಥವರಿಗೆ ಪ್ರತಿ ದೃಶ್ಯವೂ ಗೊತ್ತಿರುವುದೇ. ಆದರೆ ಅದರಲ್ಲಿ ತಬರನ ಹೆಂಡತಿಯ ಕಾಲಿಗೆ ಸಕ್ಕರೆ ಕಾಯಿಲೆಯಿಂದ ಹುಣ್ಣಾಗುತ್ತದೆ. ಆ ಭಾಗ ನೋಡುವುದು ಆರೋಗ್ಯವಂತರಿಗೇ ಕಷ್ಟ. ಮುಂದಿನ ವರ್ಷ ನೋಡಿ.

ಗಂಗಾವತಿ ಅಕ್ಕ

ಸಿನಿಮಾ ಎಲ್ಲರೂ ಹೇಳುತ್ತಿದ್ದೀರಿ. ನಾನು ಕೂರುವ ವ್ಯವಸ್ಥೆ ಹೇಳುತ್ತೇನೆ. ನಮ್ಮ ಅತ್ತೆಯ ಎರಡೂ ಕಾಲಿಗೆ ಆಪರೇಷನ್ ಆಗಿತ್ತು. ಒಂದೇ ಸಮನೆ ಕೂರಬೇಡಿ ಅಂತ ಡಾಕ್ಟರ್ ಹೇಳಿದ್ದರು. ಅದಕ್ಕೆ ಮುಕ್ಕಾಲು ಗಂಟೆಗೆ ಒಂದು ಇಂಟರ್‌ವಲ್ ಮಾಡುತ್ತಿದ್ದೆವು. ವಾಕರ್ ಹಿಡಿದು ಅಡುಗೆಮನೆವರೆಗೆ ಹೋಗಿ ಬರುವುದು, ಹೇಳಿಕೊಟ್ಟ ವ್ಯಾಯಾಮ ಮಾಡುವುದು, ಆಮೇಲೆ ಮುಂದಿನ ಭಾಗ. ಮುಂದೇನಾಗುತ್ತದೆ ಅನ್ನುವ ಕುತೂಹಲಕ್ಕೇ ಅತ್ತೆ ಬೇಗ ಬೇಗ ನಡೆದು ಬರುತ್ತಿದ್ದರು.

ಇನ್ನೊಂದು, ಟಿವಿಯ ಸದ್ದು. ಹೊಸ ಸಿನಿಮಾದಲ್ಲಿ ಸಂಗೀತ ಜೋರು, ಮಾತು ಸಣ್ಣ. ವಯಸ್ಸಾದವರಿಗೆ ಮಾತೇ ಕೇಳಿಸುವುದಿಲ್ಲ. ಅದಕ್ಕೇ ನಿದ್ದೆ ಬರುವುದು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸದ್ದಿನ ಜಾಗಕ್ಕೆ ಹೋದರೆ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡುವ ಆಯ್ಕೆ ಎಷ್ಟೋ ಟಿವಿಯಲ್ಲಿ ಇರುತ್ತದೆ. ಅದನ್ನು ಹಾಕಿ ನೋಡಿ. ಫ್ಯಾನ್ ಸದ್ದೂ ಅಡ್ಡ ಬರುತ್ತದೆ. ಅಪ್ಪನ ಕುರ್ಚಿ ಫ್ಯಾನಿನ ಕೆಳಗಿಂದ ಸ್ವಲ್ಪ ಪಕ್ಕಕ್ಕೆ ಇರಲಿ.

ಮತ್ತೆ, ದಯವಿಟ್ಟು ಯಾರೋ ಕಳಿಸಿದ ಕಳ್ಳ ಕಾಪಿ ನೋಡಬೇಡಿ. ಹಳೆಯ ಕನ್ನಡ ಸಿನಿಮಾಗಳನ್ನು ಹಕ್ಕು ಇರುವ ಕಂಪನಿಗಳೇ ಯೂಟ್ಯೂಬ್‌ನಲ್ಲಿ ಹಾಕಿವೆ. ಹೊಸದಾದರೆ ದುಡ್ಡು ಕೊಟ್ಟು ನೋಡೋಣ. ‘ಶಿವಮ್ಮ’ನಂಥ ಸಿನಿಮಾಕ್ಕೆ ನಾವು ಕೊಡುವ ನೂರು ರೂಪಾಯಿಯೂ ದೊಡ್ಡದೇ.

ಬಳ್ಳಾರಿ ಮಗಳು

ಇಷ್ಟು ಜನ ಬರೆದಿದ್ದೀರಿ, ಓದಿ ಬಹಳ ಸಂತೋಷವಾಯಿತು. ಅಕ್ಕಾ, ಆ ಸದ್ದಿನ ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಟಿವಿಯಲ್ಲಿ ಆ ಆಯ್ಕೆ ಇತ್ತು. ಹಾಕಿದ ತಕ್ಷಣ ಅಪ್ಪ ನನ್ನ ಕಡೆ ತಿರುಗಿ “ಈಗ ಕೇಳಿಸ್ತಿದೆ ನೋಡು” ಅಂದರು. ಇಷ್ಟು ದಿನ ಅವರಿಗೆ ಮಾತು ಕೇಳಿಸುತ್ತಿರಲಿಲ್ಲ ಅಂತ ನಮಗೆ ಗೊತ್ತೇ ಆಗಿರಲಿಲ್ಲ. ಅವರೂ ಹೇಳಿರಲಿಲ್ಲ.

ಮೊದಲು ‘ಮಾಯಾಬಜಾರ್’ ನೋಡಿದೆವು. ಅವ್ವ ಮುಂದಿನ ಮಾತನ್ನು ತಾನೇ ಮೊದಲು ಹೇಳುತ್ತಿದ್ದಳು. ಮದುವೆಗೆ ಮೊದಲು ಆದೋನಿಯಲ್ಲಿ ಅಕ್ಕತಂಗಿಯರ ಜೊತೆ ನೋಡಿದ್ದಳಂತೆ. ಅವಳು ಅದರ ನಾಯಕಿ ಸಾವಿತ್ರಿಯ ಹಾಗೆ ಜಡೆ ಹಾಕಿಕೊಳ್ಳುತ್ತಿದ್ದಳು ಅಂತ ಅಪ್ಪ ಹೇಳಿದರು. ಅವ್ವ ನಾಚಿಕೊಂಡು ಒಳಗೆ ಹೋದಳು. ನಾನು ಅವಳನ್ನು ಹಾಗೆ ನೋಡಿದ್ದು ಇದೇ ಮೊದಲು.

‘ಶಿವಮ್ಮ’ನೂ ನೋಡಿದೆವು. ಅಪ್ಪ ಒಂದು ಸಲವೂ ತೂಕಡಿಸಲಿಲ್ಲ. ಮಗಳಿಗೆ ಮೊದಲು ನಿಧಾನ ಅನ್ನಿಸಿತು. ಅರ್ಧದ ಮೇಲೆ ಫೋನ್ ಕೆಳಗಿಟ್ಟಳು.

ತೋರಣಗಲ್ಲು

ಮಕ್ಕಳಿಗೆ ಅಂತ ಯಾರೂ ಹೇಳಲಿಲ್ಲವಲ್ಲ. ‘ಕೊಟ್ರೇಶಿ ಕನಸು’ ನೋಡಿ. 1994, ನಾಗತಿಹಳ್ಳಿ ಚಂದ್ರಶೇಖರ್ ಅವರದು. ಕಥೆ ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರದು. ಕೊಟ್ಟೂರು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಕುಂವೀ ಬರೆಯುವಾಗ ಬಳ್ಳಾರಿ ಜಿಲ್ಲೆಯೇ. ಓದಬೇಕು ಅನ್ನುವ ದಲಿತ ಹುಡುಗನ ಕಥೆ. ಹುಡುಗನಾಗಿ ಮಾಡಿದ ವಿಜಯ್ ರಾಘವೇಂದ್ರ ಅವರಿಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ನಿಮ್ಮ ಮಗನಿಗೆ ಸರಿಯಾದ ವಯಸ್ಸು. ಅವನು ಪ್ರಶ್ನೆ ಕೇಳುತ್ತಾನೆ. ಆ ಹುಡುಗನ ಓದಿಗೆ ಅಡ್ಡ ಯಾಕೆ ಬರುತ್ತಾರೆ ಅಂತ ಕೇಳುತ್ತಾನೆ. ನಮ್ಮ ಮನೆಯ ಹುಡುಗ ಕೇಳಿದ್ದ. ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ನೀವು ಮೊದಲೇ ಯೋಚಿಸಿಕೊಂಡು ಕೂರಿ.

ಮಗಳಿಗೆ ‘ಡೇರ್‌ಡೆವಿಲ್ ಮುಸ್ತಫಾ’. 2023ರದ್ದು. ತೇಜಸ್ವಿಯವರ ಕಥೆ. ಅವರ ಓದುಗರೇ ಸೇರಿ ಹಣ ಹಾಕಿ ಮಾಡಿದ ಸಿನಿಮಾ. ಕಾಲೇಜು, ಕ್ರಿಕೆಟ್, ಗೆಳೆತನ. ಪಿಯುಸಿಗೆ ಹೋಗುವ ಮೊದಲು ನೋಡಿದರೆ ಚೆನ್ನ.

ಇರಾನಿನ ‘ಚಿಲ್ಡ್ರನ್ ಆಫ್ ಹೆವನ್’ ಕೂಡ ಸೇರಿಸಿಕೊಳ್ಳಿ. 1997, ಮಜೀದ್ ಮಜೀದಿ. ಅಣ್ಣ ತಂಗಿಯ ಬೂಟು ಕಳೆದುಬಿಡುತ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ. ಇರುವ ಒಂದೇ ಜೊತೆ ಬೂಟನ್ನು ಇಬ್ಬರೂ ಪಾಳಿ ಮೇಲೆ ಹಾಕಿಕೊಂಡು ಶಾಲೆಗೆ ಓಡುತ್ತಾರೆ. ಭಾಷೆ ಫಾರಸಿ. ನಿಮ್ಮ ಮಗಳು ಕೆಳಗಿನ ಇಂಗ್ಲಿಷ್ ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳಲಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ “ಹೇಳಬೇಡ, ತಿಳೀತದೆ” ಅಂದರು.

ಕುಷ್ಟಗಿ ಹುಡುಗ

‘ತಿಥಿ’ ಯಾರೂ ಹೇಳಲಿಲ್ಲ! ಮಂಡ್ಯ ಕಡೆಯ ಹಳ್ಳಿಯದು. ನೂರಾ ಒಂದು ವರ್ಷದ ಅಜ್ಜ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯವರೆಗೆ ಮೂರು ತಲೆಮಾರು ಏನು ಮಾಡುತ್ತದೆ ಅನ್ನುವುದು ಕಥೆ. ರಾಮ್ ರೆಡ್ಡಿ ನಿರ್ದೇಶಕರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ. ಆದರೆ ಬೈಗುಳ ಇದೆ, ದೊಡ್ಡವರ ವಿಷಯಗಳೂ ಇವೆ. ಐದನೇ ಕ್ಲಾಸಿನವನು ಮಲಗಿದ ಮೇಲೆ ನೋಡಿ. ಎಲ್ಲರೂ ಕೂತು ನೋಡುವುದಕ್ಕೆ ‘ರಾಮಾ ರಾಮಾ ರೇ’ ಒಳ್ಳೆಯದು. 2016, ಡಿ. ಸತ್ಯಪ್ರಕಾಶ್. ಗಲ್ಲು ಶಿಕ್ಷೆಯ ಕೈದಿ ತಪ್ಪಿಸಿಕೊಂಡು ಹೊರಟಿದ್ದಾನೆ. ದಾರಿಯಲ್ಲಿ ಅವನಿಗೆ ಸಿಗುವವರು ಯಾರು ಅನ್ನುವುದರಲ್ಲೇ ಎಲ್ಲ ಇದೆ. ಬಯಲು, ಮಣ್ಣಿನ ದಾರಿ, ಒಂದು ಜೀಪು. ನಮ್ಮ ಕಡೆಯ ಬಿಸಿಲು ಇಷ್ಟು ಚೆನ್ನಾಗಿ ಕಂಡದ್ದು ಅಪರೂಪ.

ಮುನಿರಾಬಾದ್ ಗೇಟು

ತಂಗೀ, ನಿಮ್ಮ ಅಪ್ಪ ತುಂಗಭದ್ರಾ ಕಾಲುವೆಯ ಕೆಲಸದಲ್ಲಿದ್ದವರು ಅಂತ ಓದಿದೆ. ಅದಕ್ಕೇ ಬರೆಯುತ್ತಿದ್ದೇನೆ. ‘ದ್ವೀಪ’ ನೋಡಿ. 2002, ಕಾಸರವಳ್ಳಿಯವರದು. ನಾ. ಡಿಸೋಜ ಅವರ ಕಾದಂಬರಿ. ನಟಿ ಸೌಂದರ್ಯ ತಾವೇ ನಿರ್ಮಾಪಕಿಯಾಗಿ ಮಾಡಿದ ಸಿನಿಮಾ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಆ ವರ್ಷ ಇದಕ್ಕೇ ಬಂತು.

ಮಲೆನಾಡಿನಲ್ಲಿ ಅಣೆಕಟ್ಟು ಕಟ್ಟುತ್ತಾರೆ. ನೀರು ಏರುತ್ತದೆ. ಊರಿನವರೆಲ್ಲ ಪರಿಹಾರ ತೆಗೆದುಕೊಂಡು ಹೊರಡುತ್ತಾರೆ. ಒಂದು ಮನೆ ಮಾತ್ರ ಉಳಿಯುತ್ತದೆ. ಸುತ್ತ ನೀರು, ನಡುವೆ ಗುಡ್ಡ. ಸೌಂದರ್ಯ ಮಾಡಿದ ನಾಗಿ ಅನ್ನುವ ಸೊಸೆ ಆ ಮನೆಯನ್ನು ಹಿಡಿದು ನಿಲ್ಲಿಸುತ್ತಾಳೆ. ಮಳೆ, ಮಳೆ, ಮಳೆ. ಈ ಬೇಸಿಗೆಯಲ್ಲಿ ಆ ಮಳೆ ನೋಡಿದರೇ ಮೈ ತಂಪಾಗುತ್ತದೆ. ಆಮೇಲೆ ಆ ತಂಪು ಹೆದರಿಕೆಯಾಗುತ್ತದೆ.

ನಮ್ಮ ಅಜ್ಜಿಯ ತವರು ನಮ್ಮದೇ ಡ್ಯಾಮಿನ ನೀರಿನ ಕೆಳಗಿದೆ. 1953ರಲ್ಲಿ ನೀರು ನಿಂತಿತು. ಅಜ್ಜಿ ಡ್ಯಾಮ್ ನೋಡಲು ಒಂದು ಸಲವೂ ಬರಲಿಲ್ಲ. ನಾವು ಮುನಿರಾಬಾದ್‌ನಲ್ಲೇ ಇದ್ದರೂ ಬರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಏನಾದರೂ ಕಾಣಿಸಿತಾ ಅಂತ ಮಾತ್ರ ಕೇಳುತ್ತಿದ್ದಳು. ‘ದ್ವೀಪ’ ನೋಡುವಾಗ ನಾಗಿ ಮನೆಯ ಸಾಮಾನು ಹಿಡಿದುಕೊಂಡು ನಿಂತ ಕಡೆ ಅಜ್ಜಿ ಟಿವಿಯ ಹತ್ತಿರ ಎದ್ದು ಹೋದಳು. ಬೀಸುವ ಕಲ್ಲು ಬಿಟ್ಟು ಬಂದೆವು ಅಂದಳು. ಅಷ್ಟೇ. ಮತ್ತೆ ಬಂದು ಕೂತಳು. ಅಜ್ಜಿ ಈಗ ಇಲ್ಲ. ಆ ಬೀಸುವ ಕಲ್ಲು ಮಾತ್ರ ನನ್ನ ತಲೆಯಲ್ಲಿ ಹಾಗೇ ಇದೆ.

ನಾವೆಲ್ಲ ಆ ನೀರಿನ ಭತ್ತ ಉಣ್ಣುವವರು. ಸಿಂಧನೂರಿನ ಅಣ್ಣನ ದೊಡ್ಡಪ್ಪ ಹೇಳಿದ ಜೋಳದ ಹೊಲದ ಕಥೆ ನಿಜ. ನಮ್ಮ ಅಜ್ಜಿಯ ಕಥೆಯೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಈ ಸಿನಿಮಾ ಕಲಿಸಿತು.

ಸಿಂಧನೂರಿನ ಭತ್ತ

ಅಣ್ಣಾ, ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. “ನಮ್ಮ ಹೊಲಕ್ಕೆ ನೀರು ಬಂದಾಗ ಯಾರ ಮನೆ ಮುಳುಗಿತು ಅಂತ ನಾವು ಕೇಳಲೇ ಇಲ್ಲ” ಅಂದರು. ನಾಳೆ ‘ದ್ವೀಪ’ ಹಾಕುತ್ತೇವೆ.

ಬಳ್ಳಾರಿ ಮಗಳು

ನಿನ್ನೆ ರಾತ್ರಿ ‘ದ್ವೀಪ’ ನೋಡಿದೆವು. ಅಪ್ಪ ಇಂಟರ್‌ವಲ್‌ಗೂ ಏಳಲಿಲ್ಲ. ಮುಗಿದ ಮೇಲೆ ಅಲಮಾರಿಯ ಮೇಲಿನ ಹಳೇ ಚೀಲ ತೆಗೆದುಕೊಡು ಅಂದರು. ಸಿರುಗುಪ್ಪದಿಂದ ತಂದಿದ್ದ ಚೀಲ. ಅದರಲ್ಲಿ ಕಚೇರಿಯ ಹಳೇ ಡೈರಿಗಳು. ಪ್ರತಿ ದಿನದ ನೀರಿನ ಮಟ್ಟ ಬರೆದಿದ್ದಾರೆ. ನಮ್ಮ ಮಗ ಒಂದೊಂದೇ ಪುಟ ತಿರುವಿ, “ತಾತಾ, ನಾನು ಹುಟ್ಟಿದ ದಿನ ಎಷ್ಟಿತ್ತು?” ಅಂತ ಕೇಳಿದ. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು. ನಾನು ಹುಟ್ಟಿದ ದಿನದ್ದು ಸಿಕ್ಕಿತು. ಆ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಮಗಳು’ ಅಂತ ಬರೆದಿದ್ದರು.

ಮುನಿರಾಬಾದಿನ ಅಣ್ಣಾ, ನಿಮ್ಮ ಅಜ್ಜಿಯ ಊರಿನ ಹೆಸರು ಅಪ್ಪ ಕೇಳುತ್ತಿದ್ದಾರೆ. ನನಗೆ ಬೇರೆಯಾಗಿ ತಿಳಿಸಿ.

ಮುನಿರಾಬಾದ್ ಗೇಟು

ಈಗಲೇ ಬರೆದು ಕಳಿಸುತ್ತೇನೆ ತಂಗೀ. ಅಪ್ಪಾಜಿಗೆ ನಮಸ್ಕಾರ ಹೇಳಿ.

ಗಂಗಾವತಿ ಅಕ್ಕ

ಇಷ್ಟು ಓದಿದ ಮೇಲೆ ನಾನೂ ಒಂದು ಸಿನಿಮಾ ಹೇಳದೆ ಇರಲಾರೆ. ‘ಗುಲಾಬಿ ಟಾಕೀಸ್’. 2008, ಕಾಸರವಳ್ಳಿಯವರದೇ. ವೈದೇಹಿಯವರ ಕಥೆ. ಕರಾವಳಿಯ ಮೀನುಗಾರರ ಊರು. ಹೆರಿಗೆ ಮಾಡಿಸುವ ಗುಲಾಬಿ. ಒಂಟಿ ಹೆಂಗಸು, ಸಿನಿಮಾ ಅಂದರೆ ಪ್ರಾಣ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ, ಡಿಶ್ ಸಿಗುತ್ತದೆ. ಆಮೇಲೆ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬರುತ್ತಾರೆ. ಹೊರಗೆ ಕಾರ್ಗಿಲ್ ಯುದ್ಧದ ಸಮಯ. ಊರಲ್ಲಿ ಹಿಂದೂ, ಮುಸ್ಲಿಂ ಅಂತ ಮನಸ್ಸು ಒಡೆಯುವ ಸಮಯ. ಗುಲಾಬಿ ಮುಸ್ಲಿಂ. ಉಮಾಶ್ರೀ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಟಿವಿ ಮುಂದೆ ಕೂತ ಆ ಮುಖ ನೋಡಿ. ಬೆಳಕು ಬಿದ್ದ ಮುಖ. ಮನೆಯಲ್ಲಿ ಕೂತು ಸಿನಿಮಾ ನೋಡುವ ನಮಗೆಲ್ಲ ಅದು ನಮ್ಮದೇ ಸಿನಿಮಾ.

ನಾನು ಇದನ್ನು ಒಬ್ಬಳೇ ನೋಡಿದ್ದು. ಯಾರಾದರೂ ಪಕ್ಕದಲ್ಲಿ ಇರಬೇಕಿತ್ತು ಅಂತ ಆವತ್ತು ಬಹಳ ಅನ್ನಿಸಿತು.

ಬಳ್ಳಾರಿ ಮಗಳು

ಭಾನುವಾರ ಸಂಜೆ ಇದನ್ನೇ ಹಾಕುತ್ತೇವೆ ಅಕ್ಕಾ. ಅವ್ವ ಈಗಾಗಲೇ ಎದುರು ಮನೆಯ ಅಮ್ಮನಿಗೆ, ಮೇಲಿನ ಮನೆಯ ಫಾತಿಮಾ ಆಂಟಿಗೆ ಹೇಳಿ ಬಂದಿದ್ದಾಳೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಅವಳದೇ. ಗಂಗಾವತಿಯಿಂದ ಬಳ್ಳಾರಿಗೆ ಬಸ್ಸು ಇದೆ. ಹತ್ತಿರದ ದಾರಿ ಅಲ್ಲ ಅಂತ ಗೊತ್ತು, ಆದರೂ ಬರಬಹುದಾ? ಆರು ಗಂಟೆಗೆ ಶುರು. ಮುಕ್ಕಾಲು ಗಂಟೆಗೆ ಒಂದು ಇಂಟರ್‌ವಲ್.

ಗಂಗಾವತಿ ಅಕ್ಕ

ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಸ್ಟ್ಯಾಂಡಿನಿಂದ ಮನೆಗೆ ದಾರಿ ಕಳಿಸಿ.